ಅದೇ ಕುರ್ಚಿ, ಬೊಡ್ಚಿ!

ಕೆಲಸವನ್ನು ಚೆನ್ನಾಗಿ ಮಾಡುವುದು ಎಂಥ ಅಪಾಯದ ಸಂಗತಿ ಎಂಬುದನ್ನು ನಮ್ಮ ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೆ ನಾನು ನೌಕರಿಗೆ ಸೇರಿದ ವಾರದಲ್ಲೇ ಎರಡು ಮುಖ್ಯ ನಕ್ಷೆಗಳನ್ನು ಕಳೆದುಹಾಕಿ, ಇಷ್ಟು ಹೊತ್ತಿಗೆ ಮ್ಯಾನೇಜರ್ ಆಗಿರುತ್ತಿದ್ದೆ.

ನಾನು ಬಸವಪ್ರಭು. ಊರು ರೋಣ ತಾಲೂಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿ, ಇಳಿಯುವಾಗ ಕೈಯಲ್ಲಿ ಪದವಿ ಹಿಡಿದುಕೊಂಡು ಇಳಿದ ಮೊದಲನೆಯ ಪ್ರಾಣಿ. ಸದ್ಯ ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ಒಂದು ಕಟ್ಟಡ ಕಂಪನಿಯ ಡಾಕ್ಯುಮೆಂಟ್ ಕಂಟ್ರೋಲರ್. ಹೆಸರು ಕೇಳಿ ಹೆದರಬೇಡಿ. ಒಳಗೆ ಬಂದ ನಕ್ಷೆಗೆ ‘ಬಂದಿದೆ’ ಎಂದು ರಬ್ಬರ್ ಸಿಕ್ಕಾ ಒತ್ತಬೇಕು, ಹೊರಗೆ ಹೋಗುವ ನಕ್ಷೆಗೆ ‘ಹೋಗಿದೆ’ ಎಂದು ಒತ್ತಬೇಕು. ಇಷ್ಟೇ. ಊರಲ್ಲಿ ನಮ್ಮಪ್ಪ ಕಲ್ಲಯ್ಯನವರು ಮಾತ್ರ, “ನಮ್ಮ ಪ್ರಭು ಸಿಕ್ಕಾ ಒತ್ತದಿದ್ರ ಮಸ್ಕತ್ತಿನ್ಯಾಗ ಒಂದು ಇಟ್ಟಂಗಿ ಮ್ಯಾಲೇಳೂದಿಲ್ಲ” ಎಂದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ. ಲೆಕ್ಕಕ್ಕೆ ಹಿಡಿದರೆ ಅದು ಸುಳ್ಳೂ ಅಲ್ಲ. ಆದರೆ ಇಟ್ಟಂಗಿಗಳು ಮೇಲೇರಿದಷ್ಟು ನಾನು ಮೇಲೇರಲಿಲ್ಲ. ಮಗಳು ಅಂಜಲಿ ಹುಟ್ಟಿದ ವರ್ಷ ನನಗೊಂದು ಕುರ್ಚಿ ಕೊಟ್ಟರು. ಮಗಳು ಒಂಬತ್ತನೇ ಕ್ಲಾಸಿಗೆ ಬಂದಳು. ಕುರ್ಚಿ ಮಾತ್ರ ಅಲ್ಲೇ, ಅದರಲ್ಲಿ ನಾನೂ ಅಲ್ಲೇ.

ಆ ವರ್ಷದ ಕೊನೆಯಲ್ಲಿ ಆಡಳಿತ ವಿಭಾಗದ ಮುಖ್ಯಸ್ಥೆ ರೋಸಲಿಂಡ್ ಮೇಡಂ ನನ್ನನ್ನು ಕರೆದರು. ಗೋವಾದವರು, ಕೆಟ್ಟ ಸುದ್ದಿಯನ್ನೂ ಹುಟ್ಟುಹಬ್ಬದ ಸುದ್ದಿಯಂತೆ ಹೇಳಬಲ್ಲವರು.

“ಪ್ರಭು, ನಿಮ್ಮನ್ನು ಮೇಲಿನ ಹುದ್ದೆಗೆ ಹಾಕಿದರೆ ಈ ಕೆಲಸ ಮಾಡುವವರು ಯಾರು? ಯು ಆರ್ ಇಂಡಿಸ್ಪೆನ್ಸಬಲ್!”

“ಮಾಫಿ ಮುಷ್ಕಿಲ್, ಮೇಡಂ” ಎಂದೆ. (ಗಲ್ಫಿಗೆ ಬಂದವರು ಮೊದಲು ಕಲಿಯುವ ಅರಬ್ಬಿ ಮಾತಿದು. ತೊಂದರೆಯೇನಿಲ್ಲ ಎಂದರ್ಥ. ತೊಂದರೆ ಇದ್ದಾಗ ಮಾತ್ರ ಬಳಸುತ್ತಾರೆ.) ನನ್ನ ಜಾಗಕ್ಕೆ ಮರಳಿ ನಿಘಂಟು ತೆಗೆದು ನೋಡಿದೆ. ಇಂಡಿಸ್ಪೆನ್ಸಬಲ್ ಎಂದರೆ ಅನಿವಾರ್ಯ. ಎದೆ ಉಬ್ಬಿತು. ಐದು ನಿಮಿಷದ ಮೇಲೆ ಅರ್ಥ ಆಯಿತು, ಉಬ್ಬಿದ್ದು ಇಳಿಯಿತು.

ಸಂಜೆ ಅಲ್ ಗುಬ್ರಾದ ನಮ್ಮ ಫ್ಲಾಟಿಗೆ ಬಂದಾಗ ಹೆಂಡತಿ ಶಿವವ್ವ ರೊಟ್ಟಿ ಬಡಿಯುತ್ತಿದ್ದಳು. ಲೋಹದ ಅಗಲ ತಟ್ಟೆ, ಅಂದರೆ ದೊಡ್ಡ ಪರಾತದ ಮೇಲೆ ಅವಳ ಅಂಗೈ ಬೀಳುವ ಸದ್ದು ಲಿಫ್ಟಿನಿಂದಲೇ ಕೇಳುತ್ತದೆ. ಆ ಸದ್ದಿನಿಂದಲೇ ಮನೆಯ ಹವಾಮಾನ ತಿಳಿದು ನಾನು ಚಪ್ಪಲಿ ಬಿಡುವುದು ರೂಢಿ.

“ಏನಂದ್ರು ಮೇಡಂ?”

“ಅನಿವಾರ್ಯ ಅಂದ್ರು.”

“ಮ್ಯಾಲಿನ ಕುರ್ಚಿ?”

“ಅನಿವಾರ್ಯ ಆದವ್ರಿಗೆ ಅದಽ ಕುರ್ಚಿ.”

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, “ಹಂಗಾರ ನಂದೂ ಒಂದು ಅರ್ಜಿ ಐತಿ. ನಾ ಗಾಡಿ ಕಲೀತೀನಿ” ಎಂದಳು.

ಇದು ಹಳೆಯ ಅರ್ಜಿ. ಗುಬ್ರಾದಲ್ಲಿ ಕಾರಿಲ್ಲದೆ ಕೊತ್ತಂಬರಿ ಕೂಡ ಸಿಗುವುದಿಲ್ಲ. ಪಕ್ಕದ ಬಿಲ್ಡಿಂಗಿನ ವಿನೋದಾ ತಾನೇ ಕಾರು ಬಿಟ್ಟುಕೊಂಡು ತಿರುಗುತ್ತಾಳೆ. ಶಿವವ್ವ ಮಾತ್ರ ನನ್ನ ಶುಕ್ರವಾರದ ರಜೆಗಾಗಿ ಕಾಯುತ್ತ ಕೂರಬೇಕು.

“ನೀ ಗಾಡಿ ಕಲಿಯಾಕ ಹ್ವಾದ್ರ ಮನಿ ಯಾರು ನೋಡ್ತಾರ? ನಿನ್ನ ಕೈ ರೊಟ್ಟಿ ಬ್ಯಾರೆಯವ್ರಿಗೆ ಬರ್ತೈತೇನು? ಈ ಮನ್ಯಾಗ ನೀ ಅನಿವಾರ್ಯ, ಶಿವವ್ವ!”

ಹೊಗಳಿದೆ ಎಂದೇ ಅಂದುಕೊಂಡಿದ್ದೆ. ಆದರೆ ಮುಂದಿನ ರೊಟ್ಟಿಯ ಸದ್ದು ಎಷ್ಟು ಜೋರಾಗಿತ್ತೆಂದರೆ ಕೆಳಗಿನ ಮನೆಯವರು ಛಾವಣಿಗೆ ಕೋಲಿನಿಂದ ಕುಟ್ಟಿದರು.

ಅಷ್ಟರಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಅಂಜಲಿ ಕೋಣೆಯಿಂದ ಹೊರಬಂದಳು. ಸ್ಕೂಲಿನಲ್ಲಿ ಸಂಗೀತದ ಬಗ್ಗೆ ಅವಳು ಭಾಷಣ ಮಾಡಬೇಕಿತ್ತಂತೆ.

“ಪಪ್ಪಾ, ಪಂಕ್ ರಾಕ್ ಗೊತ್ತಾ? ಸೆವೆಂಟೀಸ್‌ನಲ್ಲಿ ಇಂಗ್ಲೆಂಡಿನ ಹುಡುಗರಿಗೆ ಫ್ಯಾಕ್ಟರಿ, ಗೋಡೌನು ಬಿಟ್ಟು ಬೇರೆ ಕೆಲಸ ಸಿಗ್ತಿರ್ಲಿಲ್ಲ. ಎಷ್ಟೋ ಜನಕ್ಕೆ ಅದೂ ಇಲ್ಲ. ದೇ ಗಾಟ್ ಆಂಗ್ರಿ. ಗಿಟಾರ್ ತಗೊಂಡ್ರು, ಕೂಗಿದ್ರು. ದಟ್ಸ್ ಪಂಕ್!”

“ಸಂಗೀತ ಕಲಿತಿದ್ರೇನು?”

“ಕಲೀಬಾರ್ದು! ಗಿಟಾರಲ್ಲಿ ಮೂರು ಕಾರ್ಡ್ಸ್, ಅಂದ್ರೆ ಮೂರು ಹಿಡಿತ ಬಂದ್ರೆ ಸಾಕು.”

“ಹಂಗಂದ್ರ ಯಾರು ಬೇಕಾದ್ರೂ ಹಾಡಬಹುದು?”

“ನೋ ಪಪ್ಪಾ. ಡೆಡ್-ಎಂಡ್ ಜಾಬ್ ಇರಬೇಕು.” ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಯು ಆರ್ ಫುಲ್ಲಿ ಕ್ವಾಲಿಫೈಡ್.”

ಇಷ್ಟು ವರ್ಷಗಳಲ್ಲಿ ನನ್ನ ಅರ್ಹತೆಯನ್ನು ಒಬ್ಬರಾದರೂ ಪೂರ್ತಿಯಾಗಿ ಒಪ್ಪಿಕೊಂಡಿದ್ದು ಅದೇ ಮೊದಲು. ಅವಳು ಹೆಡ್‌ಫೋನನ್ನು ನನ್ನ ಕಿವಿಗಿಟ್ಟಳು. ಬೆಂಕಿ ಬಿದ್ದ ಟಾಕೀಸಿನಿಂದ ನಾಲ್ಕು ಜನ ಒಂದೇ ಬಾಗಿಲಲ್ಲಿ ನುಗ್ಗಿ ಹೊರಬೀಳುವಂಥ ಸದ್ದು. ಒಂದು ಅಕ್ಷರವೂ ತಿಳಿಯಲಿಲ್ಲ. ಆದರೆ ಅವರಿಗೆ ರೋಸಲಿಂಡ್ ಮೇಡಂ ಗೊತ್ತಿದ್ದಾರೆ ಅನ್ನಿಸಿತು.

ನಾನು ಏನನ್ನೇ ಕೈಗೆತ್ತಿಕೊಂಡರೂ ಅಡ್ಡಾದಿಡ್ಡಿ ಮಾಡುವವನಲ್ಲ. ಊಟದ ಬಿಡುವಿನಲ್ಲಿ ಇಂಟರ್‌ನೆಟ್ಟಿನಲ್ಲಿ ಪಂಕ್ ರಾಕಿನ ಇತಿಹಾಸವನ್ನು ಹುಡುಕಿ, ಪ್ರಿಂಟ್ ತೆಗೆದು ಓದಿ, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು ಮನನ ಮಾಡಿದೆ. ಬಂಡಾಯಕ್ಕೆ ಹರಿದ ಜೀನ್ಸ್ ಬೇಕು ಎಂದಿತ್ತು. ನನ್ನ ಒಂದೇ ಒಂದು ಜೀನ್ಸನ್ನು ಹಮ್ರಿಯಾದ ದರ್ಜಿಯ ಬಳಿ ಒಯ್ದು, ಎರಡೂ ಮೊಣಕಾಲಿನ ಮೇಲೆ ಸಮನಾಗಿ ಹರಿದುಕೊಡಲು ಹೇಳಿದೆ. ಅವನು ನಲವತ್ತು ವರ್ಷದ ಅನುಭವಸ್ಥ. ಹರಿದದ್ದನ್ನು ಹಾಗೇ ಕೊಡಲು ಮನಸ್ಸು ಬಾರದೆ ಸುತ್ತಲೂ ಅಂಚು ಹೊಲಿದು, ಇಸ್ತ್ರಿ ಮಾಡಿ ಕೊಟ್ಟ. ಮೊಣಕಾಲಿಗೆ ಎರಡು ಕಿಟಕಿ ಇಟ್ಟಂತಾಗಿತ್ತು. ತಲೆಗೂದಲನ್ನು ಹುಂಜದ ಜುಟ್ಟಿನಂತೆ ನಿಲ್ಲಿಸಬೇಕೆಂದೂ ಇತ್ತು. ಆ ವಿಷಯದಲ್ಲಿ ದೇವರು ನನಗೆ ಮೊದಲೇ ವಿನಾಯಿತಿ ಕೊಟ್ಟಿದ್ದ.

“ನನ್ನ ಸೀರಿ ಪಿನ್ನು ಎಲ್ಲಿ?” ಎಂದು ಶಿವವ್ವ ಒಂದು ದಿನ ಕೂಗಿದಳು.

“ನನ್ನ ಅಂಗೀಗೆ ಚುಚ್ಚೀನಿ. ಬಂಡಾಯದ ಲಕ್ಷಣ.”

“ಬಂಡಾಯ ಮಾಡವ್ರು ಹೆಂಡ್ತಿ ಪಿನ್ನು ಕದೀತಾರ?” ಎಂದು ನನ್ನ ಎದೆಯಿಂದ ಒಂದೊಂದಾಗಿ ಕಿತ್ತುಕೊಂಡಳು. ಚುಚ್ಚದೆ ಕೀಳಬಹುದಿತ್ತು.

ತಂಡ ಕಟ್ಟುವುದು ಕಷ್ಟವಾಗಲಿಲ್ಲ. ಏರದ ಕುರ್ಚಿಗಳಿಗೆ ನಮ್ಮ ಕಂಪನಿಯಲ್ಲಿ ಬರವಿಲ್ಲ. ನಮ್ಮ ಟೈಮ್‌ಕೀಪರ್ ಕ್ಲಾರೆನ್ಸ್ ಮೂಡಬಿದಿರೆಯ ಕಡೆಯವನು. ಬೆಳಿಗ್ಗೆ ಯಾರು ಬಂದರು, ಸಂಜೆ ಯಾರು ಹೋದರು ಎಂದು ಬರೆಯುವುದು ಅವನ ಕೆಲಸ. ಚರ್ಚಿನಲ್ಲಿ ಗಿಟಾರ್ ಬಾರಿಸುತ್ತಿದ್ದ.

“ಎಂತ ಪ್ರಭುಗಳೇ, ಮೂರೇ ಹಿಡಿತ ಸಾಕಾ? ನನಗೆ ಬರುವುದೇ ಮೂರು ಮಾರಾಯ್ರೆ! ನಾಲ್ಕನೆಯದು ಬರುವ ಹಾಡಾದರೆ ನಾನು ಕೆಮ್ಮಿ ಸುಧಾರಿಸುವುದು.”

ಇನ್ನೊಬ್ಬ ತುಕ್ರ. ಕಾರ್ಕಳದ ಕಡೆಯ ತುಳುವ, ಕಂಪನಿ ಬಸ್ಸಿನ ಡ್ರೈವರ್. ಆಫೀಸಿನ ಖಾಲಿ ನೀರಿನ ಕ್ಯಾನನ್ನು, ಆ ನೀಲಿ ಬಣ್ಣದ ದೊಡ್ಡ ಕ್ಯಾನನ್ನು, ಮೊಣಕಾಲ ನಡುವೆ ಇಟ್ಟುಕೊಂಡು ಅವನು ಬಾರಿಸಿದರೆ ಡ್ರಮ್ಮಿನ ಅಗತ್ಯವೇ ಇರಲಿಲ್ಲ. ತಂಡಕ್ಕೆ ‘ಅನಿವಾರ್ಯರು’ ಎಂದು ನಾಮಕರಣವಾಯಿತು.

ಗುರಿಯೂ ಇತ್ತು. ಪ್ರತಿ ಚಳಿಗಾಲ ಒಂದು ಶುಕ್ರವಾರ ಬರ್ಕಾದ ಬಾಡಿಗೆ ತೋಟವೊಂದರಲ್ಲಿ ಕಂಪನಿಯ ಸ್ನೇಹಕೂಟ ನಡೆಯುತ್ತದೆ. ಮಾಲೀಕರೂ ಬರುತ್ತಾರೆ, ಒಮಾನಿನ ಹಿರಿಯರೊಬ್ಬರು. ಅರ್ಬಾಬ್ ಎಂದು ನಾವು ಕರೆಯುವುದು ಅವರನ್ನೇ. ನಮ್ಮೆಲ್ಲರ ವೀಸಾದ ಮೇಲೆ ಕಫೀಲ್, ಅಂದರೆ ಪ್ರಾಯೋಜಕ ಎಂದು ಇರುವ ಹೆಸರೂ ಅವರದೇ. ಪ್ರತಿವರ್ಷ ಅಲ್ಲಿ ನನ್ನದೊಂದು ಭಾವಗೀತೆ ಇರುತ್ತಿತ್ತು. ನಾನು ವೇದಿಕೆ ಹತ್ತಿದರೆ ಜನ ಅದನ್ನೇ ಸೂಚನೆಯೆಂದು ತಿಳಿದು ಊಟದ ಸಾಲು ಹಿಡಿಯುತ್ತಿದ್ದರು. ಈ ಸಲ ಹಾಗಾಗಕೂಡದು. ಅರ್ಬಾಬ್ ಮುಂದೆ, ರೋಸಲಿಂಡ್ ಮೇಡಂ ಮುಂದೆ, ನನ್ನ ಕುರ್ಚಿಯ ಕಥೆಯನ್ನು ಗಂಟಲು ಹರಿಯುವಂತೆ ಹಾಡಿಬಿಡಬೇಕು. ಆಮೇಲೆ ಮಗಳು ‘ನಮ್ಮಪ್ಪ ಏನು ಮಾಡುತ್ತಾರೆ’ ಎಂದು ಬರೆಯುವಾಗ ಸಿಕ್ಕಾ ಬಿಟ್ಟು ಬೇರೇನಾದರೂ ಬರೆಯಲಿ.

“ಇಂಗ್ಲಿಷಲ್ಲೇ ಬರೆಯುವ. ನೇರ ಅವರಿಗೇ ತಾಗ್ತದೆ” ಎಂದ ಕ್ಲಾರೆನ್ಸ್.

“ತಾಗಿದರೆ ನೌಕರಿ ಹೋಗುತ್ತದೆ. ನೌಕರಿ ಹೋದರೆ ವೀಸಾ ಹೋಗುತ್ತದೆ” ಎಂದೆ. ಮೂವರೂ ನಮ್ಮ ನಮ್ಮ ವೀಸಾ ಮುಗಿಯುವ ತಾರೀಖನ್ನು ಬೆರಳೆಣಿಸಿ ಲೆಕ್ಕ ಹಾಕಿದೆವು. ಕೊನೆಗೆ ನಾನು ತೀರ್ಪಿತ್ತೆ: “ಪ್ರತಿಭಟನೆಯು ಕನ್ನಡದಲ್ಲಿಯೇ ನಡೆಯತಕ್ಕದ್ದು. ಅಲ್ಲಿ ಕನ್ನಡ ಬರುವುದು ನಮಗೆ ಮೂವರಿಗೇ. ಹೇಳಿದ ಹಾಗೂ ಆಯಿತು, ಕೇಳದ ಹಾಗೂ ಆಯಿತು.”

“ನಿಮ್ಮ ತಲೆ ಉಂಟಲ್ಲ ಸಾರ್, ಅದಕ್ಕೇ ಕೂದಲು ನಿಲ್ಲುವುದಿಲ್ಲ” ಎಂದ ತುಕ್ರ, ಭಕ್ತಿಯಿಂದ.

ಹಾಡು ಹೀಗೆ ಹುಟ್ಟಿತು:

ಬಂದಾಗ ಕೊಟ್ಟ ಕುರ್ಚಿ
ಇವತ್ತಿಗೂ ಅದೇ ಕುರ್ಚಿ
ಕೂತು ಕೂತು ಸವೆದದ್ದು ನಾನು,
ಗಟ್ಟಿ ಉಂಟು ಕುರ್ಚಿ!
ಒಲ್ಲೆ! ಒಲ್ಲೆ! ಬೊಡ್ಚಿ! ಬೊಡ್ಚಿ!

‘ಒಲ್ಲೆ’ ನಮ್ಮ ಕಡೆಯದು. ‘ಬೊಡ್ಚಿ’ ತುಕ್ರನ ತುಳು. ಅದರರ್ಥವೂ ಬೇಡ ಎಂದೇ. ‘ಉಂಟು’ ಎಂಬುದನ್ನು ಕ್ಲಾರೆನ್ಸ್ ಹಟ ಹಿಡಿದು ಸೇರಿಸಿದ. ಅವನ ಚರಣವೂ ಒಂದಿತ್ತು:

ಬಂದವರ ಹೆಸರು ಬರೆದೆ
ಹೋದವರ ಹೆಸರು ಬರೆದೆ
ನಾನು ಬಂದೆನೋ, ಹೋದೆನೋ
ಅದನ್ನು ಯಾರು ಬರೆದರು?

ಇದನ್ನು ಮೊದಲ ಸಲ ಹಾಡಿದಾಗ ಕ್ಲಾರೆನ್ಸ್ ಕೆಮ್ಮಿದ. ನಾಲ್ಕನೆಯ ಹಿಡಿತವೇನೂ ಇರಲಿಲ್ಲ.

ಫ್ಲಾಟಿನಲ್ಲಿ ತಾಲೀಮು ಮಾಡಿದರೆ ಕೆಳಗಿನವರ ಕೋಲು ಇತ್ತಲ್ಲ, ಹಾಗಾಗಿ ತುಕ್ರನ ಬಸ್ಸೇ ನಮ್ಮ ಸಂಗೀತಶಾಲೆಯಾಯಿತು. ದಿನವೂ ಸಂಜೆ ಅವನು ಕೆಲಸಗಾರರನ್ನು ಹಮ್ರಿಯಾದ ಅವರ ಬಿಡಾರಕ್ಕೆ ಬಿಟ್ಟುಬರುತ್ತಿದ್ದ. ನಾನು ಕಾರನ್ನು ಆಫೀಸಿನ ಬಳಿಯೇ ನಿಲ್ಲಿಸಿ ಬಸ್ಸು ಹತ್ತುತ್ತಿದ್ದೆ. ಹೆದ್ದಾರಿಯಲ್ಲಿ ಕಾರುಗಳ ಸಾಲು ಮುಂದೆ ಸರಿಯದೆ ನಿಂತಷ್ಟೂ ನಮಗೆ ಲಾಭ. ಸ್ಟೀರಿಂಗ್ ಬಿಟ್ಟು ಕ್ಯಾನು ಬಾರಿಸುವಂತಿಲ್ಲವಾದ್ದರಿಂದ ತುಕ್ರ ಸಿಗ್ನಲ್ಲಿನಲ್ಲಿ ಮಾತ್ರ ಬಾರಿಸುತ್ತಿದ್ದ. ಹೀಗಾಗಿ ನಮ್ಮ ಹಾಡಿನ ತಾಳ ಕೆಂಪು ದೀಪ ಬಂದಾಗ ಶುರುವಾಗಿ ಹಸಿರು ಬಂದಾಗ ನಿಲ್ಲುತ್ತಿತ್ತು.

ಬಸ್ಸಿನಲ್ಲಿದ್ದ ಪೈಪು ಜೋಡಿಸುವವರು, ಗಾರೆಯವರು, ಬಂಗಾಳಿಗಳು, ಪಂಜಾಬಿಗಳು, ಮಲಯಾಳಿಗಳು ಮೊದಲ ದಿನ ಕಿವಿ ಮುಚ್ಚಿಕೊಂಡರು. ಎರಡನೆಯ ದಿನ ಒಬ್ಬ, “ಏ ಬೊಡ್ಚಿ ಕ್ಯಾ ಹೈ?” ಎಂದು ಕೇಳಿದ. “ನಹೀ ಮಂಗ್ತಾ” ಎಂದ ತುಕ್ರ. “ಕ್ಯಾ ನಹೀ ಮಂಗ್ತಾ?” “ಸಬ್ ಕುಛ್!” ಅದು ಹಿಂದಿನ ಸೀಟಿನವರೆಗೂ ಹೋಯಿತು. ಮೂರನೆಯ ದಿನದಿಂದ ಇಡೀ ಬಸ್ಸು ‘ಬೊಡ್ಚಿ’ ಎನ್ನತೊಡಗಿತು. ಕಿಟಕಿಯ ಗಾಜು ಅದುರುತ್ತಿತ್ತು. ದಿನವಿಡೀ ಬಿಸಿಲಲ್ಲಿ ಬೆಂದು ಬಂದವರ ಮುಖಗಳು ಹಮ್ರಿಯಾದಲ್ಲಿ ಇಳಿಯುವಾಗ ಮದುವೆ ಮನೆಯಿಂದ ಎದ್ದು ಬಂದಂತೆ ಕಾಣುತ್ತಿದ್ದವು.

ಇತ್ತ ಮನೆಯಲ್ಲಿ ಬೇರೆಯೇ ಹಾಡು.

“ಕಾರು ಆಫೀಸಿನ್ಯಾಗ ಮಲಗೇತಿ, ನೀವು ಬಸ್ಸಿನ್ಯಾಗ ಒದರಾಕತ್ತೀರಿ, ನಾ ಮೊಸರಿಗಂತ ಬಿಸಲಾಗ ನಡೀಬೇಕು. ಇದೇನು ಪಂಕ?”

“ಪಂಕ್. ಇದು ಶೋಷಿತರ ದನಿ, ಶಿವವ್ವ.”

“ನಿಮ್ಮ ಅರ್ಬಾಬ್ ಕೇಳಿ ನೌಕರಿಯಿಂದ ತಗದ್ರ? ಅಂಜಲಿ ಸಾಲಿ ಏನಾಗಬೇಕು?”

“ತಿಳಿಯಬಾರದು ಅಂತಽನ ಕನ್ನಡದಾಗ ಬರದೀನಿ.”

ಅವಳು ಸೌಟನ್ನು ಕೆಳಗಿಟ್ಟಳು. “ಬೈಸಿಕೊಳ್ಳವ್ರಿಗೆ ತಿಳೀದಂಗ ಬೈದ್ರ ಅದು ಬೈಗಳ ಹೆಂಗ ಆಗ್ತೈತ್ರಿ? ಅದು ಕೆಮ್ಮು.”

ನಾನು ಚರಣವನ್ನು ಹಾಡಿ ತೋರಿಸಿದೆ. ಕರಗುತ್ತಾಳೆ ಎಂದುಕೊಂಡಿದ್ದೆ. ಅವಳು ಒಂದು ಗಳಿಗೆ ಕೇಳಿ, “ಕುರ್ಚಿ ಇದ್ದವ್ರು ಅಳ್ತೀರಿ. ಈ ಅಡಗಿಮನ್ಯಾಗ ನನಗ ಕುರ್ಚಿನೂ ಇಲ್ಲ” ಎಂದು ಒಲೆಯ ಕಡೆ ತಿರುಗಿದಳು. ಈ ಮಾತನ್ನು ನಾನು ಅಲ್ಲಿಗೇ ಬಿಟ್ಟೆ. ಬಿಟ್ಟರೂ ಅದು ನನ್ನನ್ನು ಬಿಡುವುದಿಲ್ಲವೆಂದು ಆಗ ಗೊತ್ತಿರಲಿಲ್ಲ.

ಆ ಶುಕ್ರವಾರ ಬಂತು. ಬರ್ಕಾದ ತೋಟದಲ್ಲಿ ಖರ್ಜೂರದ ಮರಗಳ ನಡುವೆ ಶಾಮಿಯಾನ, ಒಂದು ಕಡೆ ಮಕ್ಕಳು ಈಜುವ ತೊಟ್ಟಿ, ಇನ್ನೊಂದು ಕಡೆ ಅಡುಗೆಯ ಸಾಲು. ಜೋಳದ ರೊಟ್ಟಿ ಬಿಸಿಬಿಸಿಯಾಗಿ ಬಡಿದು ಹಾಕಲು ಶಿವವ್ವ ಗ್ಯಾಸಿನ ಒಲೆ, ಪರಾತ ಸಮೇತ ಅಲ್ಲಿ ಸ್ಥಾಪಿತಳಾಗಿದ್ದಳು. (ಅದನ್ನು ಒಪ್ಪಿಕೊಂಡು ಬಂದವನು ನಾನೇ. ಮೇಡಂ ಕೇಳಿದರು, ನಾನು ಮಾಫಿ ಮುಷ್ಕಿಲ್ ಎಂದಿದ್ದೆ.) ನಾನು ಅಂಚು ಹೊಲಿದ ಹರಕು ಜೀನ್ಸ್ ಹಾಕಿಕೊಂಡು ತಿರುಗುತ್ತಿದ್ದೆ. ಇಬ್ಬರು ಮೂವರು, “ಬಿದ್ದಿರಾ?” ಎಂದು ಮರುಗಿದರು.

ಅನಾಹುತ ನನ್ನ ಕರ್ತವ್ಯನಿಷ್ಠೆಯಿಂದಲೇ ಆಯಿತು. ಬೆಳಿಗ್ಗೆ ನೀರು ಸರಬರಾಜಿನ ಪಿಕಪ್ ಬಂದಾಗ ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಖಾಲಿ ಕ್ಯಾನು ಕೊಟ್ಟು ತುಂಬಿದ ಕ್ಯಾನು ಪಡೆಯುವುದು ಯಾರದೋ ಕೆಲಸ. ಯಾರದೋ ಕೆಲಸ ಬಾಕಿ ಇರುವುದನ್ನು ಕಂಡರೆ ನನ್ನ ಕೈ ತುರಿಸುತ್ತದೆ. ಬಸ್ಸಿನಲ್ಲಿದ್ದ ಒಂದು ಖಾಲಿ ಕ್ಯಾನನ್ನೂ ಹುಡುಕಿ ತೆಗೆದು ಕೊಟ್ಟು ಕಳಿಸಿದೆ.

“ಸಾರ್, ನನ್ನ ಡ್ರಮ್ಮು?” ಎಂದು ತುಕ್ರ ಬಂದಾಗ ನಮ್ಮ ಸರದಿಗೆ ಹತ್ತು ನಿಮಿಷ ಉಳಿದಿತ್ತು. ತುಂಬಿದ ಕ್ಯಾನನ್ನು ಬಾರಿಸಿ ನೋಡಿದೆವು. ಊಟವಾದ ಹೊಟ್ಟೆಯನ್ನು ತಟ್ಟಿದಂತಾಯಿತು.

“ನೀರು ಚೆಲ್ಲಿಬಿಡುವ” ಎಂದ ಕ್ಲಾರೆನ್ಸ್.

ಕುಡಿಯುವ ನೀರನ್ನು ನೆಲಕ್ಕೆ ಚೆಲ್ಲುವುದೇ! ನನ್ನೊಳಗಿನ ರೋಣ ತಾಲೂಕು ಒಪ್ಪಲಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಹಿಡಿದು ನೀರು ಕುಡಿಸತೊಡಗಿದೆ. ಜನ ಎರಡನೆಯ ಲೋಟಕ್ಕೆ ಓಡಿಹೋದರು. ಕ್ಯಾನಿನಲ್ಲಿ ನಾಲ್ಕು ಬೆರಳಿನಷ್ಟೂ ಇಳಿದಿರಲಿಲ್ಲ. ಅಷ್ಟರಲ್ಲಿ ಮೈಕಿನಲ್ಲಿ ರೋಸಲಿಂಡ್ ಮೇಡಂ ಅವರ ದನಿ: “ನೌ, ಅವರ್ ಓನ್ ಮಿಸ್ಟರ್ ಪ್ರಭು!” ಜನ ಎದ್ದು ಊಟದ ಸಾಲಿನ ಕಡೆ ಹೊರಟರು.

“ಪಪ್ಪಾ, ಮಮ್ಮಿ ಹತ್ರ ಪರಾತ ಇದೆ!” ಎಂದು ಅಂಜಲಿ ಓಡಿದಳು. ನಾನೂ ಬೆನ್ನು ಹತ್ತಿದೆ.

ಶಿವವ್ವ ಕೈಯ ಹಿಟ್ಟನ್ನು ಒರೆಸಿಕೊಳ್ಳದೆ ಕೇಳಿದಳು. “ಪರಾತ ಕೊಡೂದಿಲ್ಲ.”

“ಶಿವವ್ವ, ಮಾನದ ಪ್ರಶ್ನೆ!”

“ಪರಾತ ಒಂದಽ ಎಲ್ಲಿಗೂ ಹೋಗೂದಿಲ್ಲ. ಅದು ಬರ್ತೈತಿ ಅಂದ್ರ ನಾನೂ ಬರ್ತೀನಿ.”

ಹೀಗೆ ಅನಿವಾರ್ಯರ ತಂಡಕ್ಕೆ ನಾಲ್ಕನೆಯ ಅನಿವಾರ್ಯ ಬಂದು ಸೇರಿತು. ಅವಳು ವೇದಿಕೆಯ ಮೇಲೆ ಪದ್ಮಾಸನ ಹಾಕಿ ಕುಳಿತು, ಪರಾತವನ್ನು ಬೋರಲು ಹಾಕಿ, ಸೆರಗು ಸಿಕ್ಕಿಸಿ, ಒಮ್ಮೆ ಬಡಿದಳು. ಊಟದ ಸಾಲು ತಿರುಗಿ ನೋಡಿತು.

ಆಮೇಲೆ ಏನಾಯಿತೆಂದು ಸರಿಯಾಗಿ ಹೇಳಲಾರೆ. ಸಿಗ್ನಲ್ಲಿಗೆ ಸಿಗ್ನಲ್ಲಿಗೆ ನಿಂತು ಸಾಗುತ್ತಿದ್ದ ನಮ್ಮ ಹಾಡಿಗೆ ಒಮ್ಮೆಲೇ ಹಸಿರು ದೀಪವೊಂದೇ ಉಳಿಯಿತು. ಎಷ್ಟೋ ವರ್ಷಗಳ ರೊಟ್ಟಿಯೆಲ್ಲ ಆ ಕೈಯಿಂದ ಒಂದೇ ಸಲ ಹೊರಬರುತ್ತಿತ್ತು. ಅವಳ ವೇಗ ಹಿಡಿಯಲು ನಾನು ಹಾಡುವುದನ್ನು ಬಿಟ್ಟು ಕಿರುಚಬೇಕಾಯಿತು. ಕ್ಲಾರೆನ್ಸನ ಗಿಟಾರಿನ ತಂತಿ ಒಂದು ಹರಿಯಿತು. ಮೂರು ಹಿಡಿತ ಎರಡಾಯಿತು, ಯಾರಿಗೂ ಗೊತ್ತಾಗಲಿಲ್ಲ. ತುಕ್ರ ಕೈಗೆ ಕೆಲಸವಿಲ್ಲದೆ ಕುಣಿಯತೊಡಗಿದ. ನಾನು ‘ಅದೇ ಕುರ್ಚಿ’ ಎಂದದ್ದೇ ತಡ, ಬಸ್ಸಿನವರೆಲ್ಲ ತಟ್ಟೆ ಹಿಡಿದುಕೊಂಡೇ ನುಗ್ಗಿ ಬಂದು “ಬೊಡ್ಚಿ!” ಎಂದರು. ಬಸ್ಸು ಹತ್ತದವರೂ ಹೇಳಿದರು. ಲೆಕ್ಕಪತ್ರ ವಿಭಾಗದ ಈಜಿಪ್ಟಿನವರು ಮೇಜಿನ ಮೇಲೆ ನಿಂತು ಹೇಳಿದರು. ಪಾರಿವಾಳಗಳು ಖರ್ಜೂರದ ಮರ ಬಿಟ್ಟು ಸಮುದ್ರದ ಕಡೆ ಹೋದವು.

ಹಾಡು ಮುಗಿದಾಗ ಅರ್ಬಾಬ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ವೇದಿಕೆಗೆ ಬಂದು ನನ್ನ ಹೆಗಲು ತಟ್ಟಿ, ಶಿವವ್ವನ ಪರಾತದ ಕಡೆ ಕೈ ತೋರಿಸಿ, “ಇಂಡಿಸ್ಪೆನ್ಸಬಲ್!” ಎಂದರು. ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿದ್ದ ನಾನು, ಮನೆಗೆ ಬಂದವನೇ ಅವಳ ಗಾಡಿ ಕಲಿಯುವ ಹಳೆಯ ಅರ್ಜಿಗೆ ಸಿಕ್ಕಾ ಒತ್ತಿದೆ.